ವ್ಯಾನಿನ ಬಾತ್‌ರೂಮಿಗೆ ಹಾಕಿದ ಬೀಗ

ಬೀಗ ಹಾಕುವ ಯೋಚನೆ ನನ್ನದು. ಉಳಿದ ಮೂವರೂ ಒಪ್ಪಿದರು. ಒಪ್ಪಿದ್ದಷ್ಟೇ ಅಲ್ಲ, ಮೆಚ್ಚಿದರು. ಆದರೂ ಮೊದಲು ಬಾಯಿ ಬಿಟ್ಟವಳು ನಾನು, ಬೀಗ ಕೊಂಡು ತಂದವಳು ನಾನು, ಕೀಲಿಕೈಯನ್ನು ಪರ್ಸಿನಲ್ಲಿಟ್ಟುಕೊಂಡು ಯೂರೋಪು ತಿರುಗಿದವಳೂ ನಾನೇ.

ಹೋದವರು ನಾಲ್ವರು. ನಾನು, ನಮ್ಮ ಯಜಮಾನರು, ನನ್ನ ಗೆಳತಿ, ಆಕೆಯ ಗಂಡ. ನಾವು ಹಾಸನದ ಕಡೆಯವರು, ಅವರು ಧಾರವಾಡದವರು. ಅಮೆರಿಕದ ಸ್ಯಾನ್ ಹೋಸೆಯಲ್ಲಿ, ಬೆರ್ರಿಯೆಸಾ ಬಡಾವಣೆಯ ಒಂದು ಅಪಾರ್ಟ್‌ಮೆಂಟಿನಲ್ಲಿ ಎದುರು ಬದುರು ಬಾಗಿಲುಗಳಲ್ಲಿ ಬಹಳ ವರ್ಷ ಇದ್ದೆವು. ಆಕೆ ನನಗಿಂತ ಏಳೆಂಟು ವರ್ಷ ಚಿಕ್ಕವಳು. ಚಪ್ಪಲಿ ಬಿಟ್ಟು ನೇರ ನನ್ನ ಅಡುಗೆಮನೆಗೆ ಬಂದು, ಫ್ರಿಜ್ಜು ತೆಗೆದು, ಹೆಪ್ಪಿಗೆ ಮೊಸರು ಎತ್ತಿಕೊಂಡು ಹೋಗುತ್ತಿದ್ದಳು. ಆಮೇಲೆ ಆಕೆಯ ಗಂಡ ಕೆಲಸ ಮಾಡುತ್ತಿದ್ದ ಪಾಲೋ ಆಲ್ಟೋದ ಪುಟ್ಟ ಕಂಪನಿಯನ್ನು ದೊಡ್ಡದೊಂದು ಕಂಪನಿ ಕೊಂಡಿತು. ಕೈಗೆ ಬಂದ ಷೇರುಗಳ ದುಡ್ಡಿನಲ್ಲಿ ಅವರು ಸರಟೋಗಾದ ಗುಡ್ಡದ ಮೇಲೆ ಮನೆ ಮಾಡಿದರು, ನಾವು ಬೆರ್ರಿಯೆಸಾದಲ್ಲೇ ಸಣ್ಣ ಮನೆ ಕೊಂಡು ಉಳಿದೆವು. ಆ ಕಾಲದಲ್ಲಿ ಹಾಗೆ ಎಷ್ಟೋ ಜನ ಗುಡ್ಡ ಹತ್ತಿದರು. ನಮ್ಮ ಸ್ನೇಹಕ್ಕೆ ಅದರಿಂದ ಏನೂ ಕುಂದಾಗಲಿಲ್ಲ. ಕುಂದು ನನ್ನಿಂದ ಬಂತು.

ನನ್ನ ಸ್ವಭಾವವನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಹತ್ತನೇ ವಯಸ್ಸಿಗೆ ಮೈಸೂರಿನ ಹುಡುಗಿಯರ ಹಾಸ್ಟೆಲ್ ಸೇರಿದವಳು ನಾನು. ಗಂಟೆ ಹೊಡೆದರೆ ಏಳುವುದು, ಗಂಟೆ ಹೊಡೆದರೆ ಉಣ್ಣುವುದು, ಗಂಟೆ ಹೊಡೆದರೆ ದೀಪ ಆರಿಸುವುದು. ಕೆಲವು ಹುಡುಗಿಯರು ಅತ್ತರು. ನನಗೆ ಹಿಡಿಸಿತು. ಮುಂದೆ ಸ್ಯಾನ್ ಹೋಸೆಯ ಒಂದು ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯ ಸಲಕರಣೆಗಳನ್ನು ತೊಳೆದು ಕುದಿಸಿ ಜೋಡಿಸಿಡುವ ವಿಭಾಗ ನೋಡಿಕೊಂಡೆ. ಅಲ್ಲಿಯೂ ಎಲ್ಲಕ್ಕೂ ಒಂದು ಕ್ರಮ. ಕ್ರಮ ತಪ್ಪಿದರೆ ಯಾರಿಗೋ ನಂಜಾಗುತ್ತದೆ. ಆದ್ದರಿಂದ ನನ್ನ ಕಟ್ಟುನಿಟ್ಟು ಜನರ ಒಳ್ಳೆಯದಕ್ಕೇ ಎಂದು ನಂಬಿದ್ದೆ. ಆ ನಂಬಿಕೆಯನ್ನು ಪ್ರಶ್ನಿಸುವ ಅಗತ್ಯ ಬಂದಿರಲಿಲ್ಲ.

ಬೇಸಿಗೆಯ ಒಂದು ಭಾನುವಾರ ಸರಟೋಗಾದ ಮನೆಯ ಹಿತ್ತಲಲ್ಲಿ ಗೆಳತಿಯ ಗಂಡ ಬಣ್ಣದ ಚಿತ್ರಗಳ ಪುಸ್ತಿಕೆಯೊಂದನ್ನು ಮೇಜಿನ ಮೇಲೆ ಹರಡಿದರು.

"ನೋಡ್ರಿ ಅಕ್ಕಾರ, ಇದು ವ್ಯಾನಲ್ರೀ, ಮನೀನ. ಗ್ಯಾಸಿನ ಒಲಿ ಅದ, ಫ್ರಿಜ್ ಅದ, ಮ್ಯಾಲೊಂದು ಹಾಸಿಗಿ, ಹಿಂದೊಂದು ಹಾಸಿಗಿ. ಫ್ರಾಂಕ್‌ಫರ್ಟಿನ್ಯಾಗ ತೊಗೊಳ್ಳೂದು, ಎಲ್ಲಿ ಮನಸ್ಸು ಬರ್ತದ ಅಲ್ಲಿ ನಿಲ್ಲಸೂದು, ಅನ್ನ ಮಾಡೂದು, ಉಂಡು ಮಲಗೂದು. ಹೋಟೆಲ್ಲಿನ ರಗಳಿನ ಇಲ್ಲ."

"ತೊಗರಿಬೇಳೆ ನಾನು ತರ್ತೀನಿ," ಎಂದರು ನಮ್ಮ ಯಜಮಾನರು. ಅವರಿಗೆ ಬೇರೆ ಪ್ರಶ್ನೆ ಇರಲಿಲ್ಲ.

ನಾನು ಚಿತ್ರದ ಮೂಲೆಯಲ್ಲಿದ್ದ ಚಿಕ್ಕ ಚೌಕದ ಮೇಲೆ ಬೆರಳಿಟ್ಟೆ. "ಇದೇನು?"

"ಬಾತ್‌ರೂಮ್ರೀ."

"ಅದು ಸರಿ. ಅದರಲ್ಲಿ ಹೋಗಿದ್ದು ಎಲ್ಲಿಗೆ ಹೋಗುತ್ತೆ?"

ಅವರು ಹಾಳೆ ತಿರುವಿದರು. ಕೆಳಗೆ ಒಂದು ಪ್ಲಾಸ್ಟಿಕ್ ಡಬ್ಬ ಇರುತ್ತದೆ. ತುಂಬಿದಾಗ ವ್ಯಾನಿನ ಹೊರಗಿನಿಂದ ಚಿಕ್ಕ ಬಾಗಿಲು ತೆಗೆದು ಅದನ್ನು ಎಳೆಯಬೇಕು, ಕ್ಯಾಂಪಿನಲ್ಲಿ ಅದಕ್ಕೆಂದೇ ಇರುವ ಜಾಗಕ್ಕೆ ಒಯ್ದು ಸುರಿಯಬೇಕು, ತೊಳೆದು ಮತ್ತೆ ಒಳಗೆ ತಳ್ಳಬೇಕು.

"ಯಾರು?" ಎಂದೆ.

ಮಂಡಕ್ಕಿಯ ಗಿರ್ಮಿಟ್ಟು ಕಲೆಸುತ್ತಿದ್ದ ಗೆಳತಿಯ ಕೈ ನಿಂತಿತು. ಆಕೆಯ ಗಂಡ ಪುಸ್ತಿಕೆಯಿಂದ ತಲೆ ಎತ್ತದೆ, "ಸರದಿ ಮ್ಯಾಲ ಮಾಡೂಣ್ರಿ," ಎಂದರು. ದನಿಯಲ್ಲಿ ಜೀವ ಇರಲಿಲ್ಲ.

"ಅಯ್ಯೋ ಬಿಡಿ ಸಾರ್," ಎಂದರು ನಮ್ಮವರು. "ಆಮೇಲೆ ಊಟ ಸೇರಲ್ಲ."

ನಾವು ನಾಲ್ವರೂ ಅಮೆರಿಕಕ್ಕೆ ಬಂದು ಇಪ್ಪತ್ತು ವರ್ಷ ದಾಟಿತ್ತು. ನಮ್ಮ ನಮ್ಮ ಮನೆಯ ಬಾತ್‌ರೂಮುಗಳನ್ನು ನಾವೇ ಬ್ರಷ್ಷು ಹಿಡಿದು ಉಜ್ಜುತ್ತಿದ್ದೆವು. ನಾನಂತೂ ದಿನವಿಡೀ ರಕ್ತ ಮೆತ್ತಿದ ಇಕ್ಕಳಗಳ ನಡುವೆ ಬದುಕಿದವಳು. ಆದ್ದರಿಂದ ಅಡ್ಡ ಬಂದದ್ದು ಹೇಸಿಗೆಯಲ್ಲ. ಹೊತ್ತುಕೊಂಡು ಹೋಗುವುದು ಅಡ್ಡ ಬಂತು. ನಮ್ಮ ಬಾಲ್ಯದ ಮನೆಗಳಿಗೆಲ್ಲ ಹಿಂದೊಂದು ಓಣಿ ಇತ್ತು. ಬೆಳಗಿನ ಹೊತ್ತು ಆ ಓಣಿಯಲ್ಲಿ ಬಕೆಟ್ಟು ಹೊತ್ತು ಬರುವವರು ಇದ್ದರು. ಅವರು ಬಂದಾಗ ಮನೆಯ ದೊಡ್ಡವರು ನಮ್ಮನ್ನು ಒಳಗೆ ಕರೆಯುತ್ತಿದ್ದರು. ಅವರು ಯಾವ ಜನ, ಯಾವ ಕೇರಿ ಎಂಬುದು ನಾಲ್ವರಿಗೂ ಗೊತ್ತಿತ್ತು. ಆ ಡಬ್ಬದ ಹಿಡಿಕೆಯ ಮೇಲೆ ನಮ್ಮ ಕೈಯನ್ನು ಊಹಿಸಿಕೊಳ್ಳಲು ಒಬ್ಬರಿಗೂ ಆಗಲಿಲ್ಲ. ಇದನ್ನು ಯಾರೂ ಹೇಳಲಿಲ್ಲ. ಹೇಳದಿರುವಷ್ಟು ಓದಿಕೊಂಡಿದ್ದೆವು.

"ಹಾಗಾದ್ರೆ ಅದನ್ನ ಉಪಯೋಗಿಸೋದೇ ಬೇಡ," ಎಂದೆ. "ಸೂಟ್‌ಕೇಸುಗಳನ್ನ ಅದರೊಳಗೆ ಜೋಡಿಸಿ ಬೀಗ ಹಾಕೋಣ. ಕ್ಯಾಂಪಲ್ಲಿ ಬಾತ್‌ರೂಮು ಇದ್ದೇ ಇರುತ್ತೆ. ದಾರೀಲಿ ಗ್ಯಾಸ್ ಸ್ಟೇಷನ್ನು. ಹೊತ್ತಿಗೆ ಸರಿಯಾಗಿ ನಿಲ್ಲಿಸೋದು, ಎಲ್ಲರೂ ಹೋಗಿ ಬರೋದು."

"ಬೀಗಾ ಯಾಕ್ರಿ? ಬಾಯಿ ಮಾತು ಸಾಲೂದಿಲ್ಲೇನು?" ಗೆಳತಿ ಕೇಳಿದಳು.

"ಗಂಡಸರನ್ನ ನಂಬೋಕಾಗುತ್ತೇನೇ? ಒಂದು ಸಲ ಅಂತ ಶುರು ಮಾಡ್ತಾರೆ."

ಗಂಡಸರಿಬ್ಬರೂ ನಕ್ಕರು. ಅವರ ಮುಖದಲ್ಲಿ ಹೊರೆ ಇಳಿದ ನೆಮ್ಮದಿ ಕಾಣುತ್ತಿತ್ತು. "ಬಾಯಾರು ಹೇಳಿದ್ರಂದ್ರ ಮುಗೀತು!" ಎಂದರು ಆಕೆಯ ಗಂಡ. ಅವರ ಕಡೆ ಶಾಲೆಯ ಶಿಕ್ಷಕಿಯನ್ನು ಹಾಗೆ ಕರೆಯುತ್ತಾರೆ; ನನ್ನನ್ನು ಚುಡಾಯಿಸಲು ಅವರು ಇಟ್ಟ ಹೆಸರು.

ಗೆಳತಿ ಮತ್ತೆ ಕೇಳಿದಳು. "ನಡುವ ಬಂದ್ರ ಹ್ಯಾಂಗ್ರೀ ಅಕ್ಕಾರ?"

"ತಡ್ಕೊಳ್ಳೋದು. ಮಕ್ಕಳೇನೇ ನಾವು? ನಮ್ಮ ಹಾಸ್ಟೆಲ್ಲಲ್ಲಿ ರಾತ್ರಿ ಪ್ರಾರ್ಥನೆ ಆದ್ಮೇಲೆ ವಾರ್ಡನ್ನು ಕಕ್ಕಸಿನ ಕಟ್ಟಡಕ್ಕೇ ಬೀಗ ಹಾಕ್ತಿದ್ರು. ಬೆಳಿಗ್ಗೆ ತೆಗೀತಿದ್ರು. ಯಾರೂ ಸತ್ತಿಲ್ಲ."

ಇನ್ನೊಮ್ಮೆ ಎಲ್ಲರೂ ನಕ್ಕರು. ಆಕೆಯೂ ನಕ್ಕಳು. ಆ ನಗು ಚಿಕ್ಕದಾಗಿತ್ತು ಎಂದು ಈಗ ಅನ್ನಿಸುತ್ತದೆ. ಆಗ ನಾನು ಎಷ್ಟು ಹೊತ್ತಿಗೊಮ್ಮೆ ನಿಲ್ಲಿಸಬೇಕೆಂಬ ಲೆಕ್ಕದಲ್ಲಿದ್ದೆ.

ಅಕ್ಟೋಬರಿನ ಮೊದಲ ವಾರ ಹೊರಟೆವು. ಫ್ರಾಂಕ್‌ಫರ್ಟಿನಲ್ಲಿ ವ್ಯಾನು ಕೊಟ್ಟ ಹುಡುಗಿ ಗ್ಯಾಸು, ನೀರು, ಹೀಟರು ಎಲ್ಲ ತೋರಿಸಿದಳು. ಬಾತ್‌ರೂಮಿನ ಹತ್ತಿರ ಬಂದಾಗ ನಾನು ಕೈ ಎತ್ತಿ, ಇದು ನಮಗೆ ಬೇಡ ಎಂದೆ. ಆಕೆ ಹುಬ್ಬೇರಿಸಿ ಮುಂದಕ್ಕೆ ಹೋದಳು. ಅವಳು ಅತ್ತ ಹೋದ ಮೇಲೆ ಸೂಟ್‌ಕೇಸುಗಳನ್ನು ಒಳಗಿಟ್ಟು, ಸೈಕಲ್ಲಿಗೆ ಹಾಕುವ ತೆಳು ಸರಪಳಿಯಿಂದ ಆ ಬಾಗಿಲಿನ ಹಿಡಿಕೆಗೂ ಪಕ್ಕದ ಬೀರುವಿನ ಹಿಡಿಕೆಗೂ ಸೇರಿಸಿ ಬೀಗ ಹಾಕಿದೆ. ಫೋಟೋ ರೀಲಿನ ಖಾಲಿ ಡಬ್ಬಿಯಲ್ಲಿ ಚಿಲ್ಲರೆ ತುಂಬಿಟ್ಟುಕೊಂಡೆ. ಅಲ್ಲಿ ಗ್ಯಾಸ್ ಸ್ಟೇಷನ್ನಿನ ಬಾತ್‌ರೂಮಿಗೂ ನಾಣ್ಯ ಹಾಕಬೇಕು. ನಿಂತಲ್ಲೆಲ್ಲ ನಾನು ಡಬ್ಬಿ ಅಲ್ಲಾಡಿಸಿ ಒಬ್ಬೊಬ್ಬರ ಕೈಗೆ ನಾಣ್ಯ ಹಾಕುತ್ತಿದ್ದೆ. "ಪ್ರಸಾದ ಬಂತು," ಎಂದು ನಮ್ಮವರು ಕೈ ಒಡ್ಡುತ್ತಿದ್ದರು.

ದಿನಗಳು ಚೆನ್ನಾಗಿದ್ದವು. ರೈನ್ ನದಿಯ ಇಳಿಜಾರುಗಳಲ್ಲಿ ದ್ರಾಕ್ಷಿಯ ಎಲೆ ಹಳದಿಯಾಗಿತ್ತು. ರಸ್ತೆ ಬದಿಯ ಗಾಡಿಗಳಲ್ಲಿ ಗೋಪುರದ ಹಾಗೆ ಕುಂಬಳಕಾಯಿ ಪೇರಿಸಿದ್ದರು. ಒಂದನ್ನು ಕೊಂಡು ಹುಳಿ ಮಾಡಿದೆವು. ಕಾಡಿನ ಅಂಚಿನ ಕ್ಯಾಂಪಿನಲ್ಲಿ ಒಗ್ಗರಣೆ ಹಾಕಿದಾಗ ಪಕ್ಕದ ಟೆಂಟಿನ ಮುದುಕ ಸೀನುತ್ತಾ ಹೊರಬಂದ. ಅವನಿಗೊಂದು ತಟ್ಟೆ ಕೊಟ್ಟೆವು, ಕಣ್ಣಲ್ಲಿ ನೀರು ಸುರಿಸಿಕೊಂಡು ಉಂಡ. ಊರು ಸಿಕ್ಕಿದಾಗೆಲ್ಲ ಗೆಳತಿಯ ಗಂಡ ಇಂಟರ್‌ನೆಟ್ ಕೆಫೆ ಹುಡುಕಿ ಷೇರಿನ ಬೆಲೆ ನೋಡಿ ಬರುತ್ತಿದ್ದರು. ಏರಿದ ದಿನ ಐಸ್‌ಕ್ರೀಮು, ಇಳಿದ ದಿನ ಮೌನ. ನಮ್ಮವರು ಗಾಡಿ ಓಡಿಸುತ್ತಿದ್ದರು. ನಾನು ಭೂಪಟ ಹಿಡಿದು ಮುಂದಿನ ಸೀಟಿನಲ್ಲಿ. ಯಾವಾಗ ಏಳುವುದು, ಎಲ್ಲಿ ನಿಲ್ಲುವುದು, ಯಾರು ಪಾತ್ರೆ ತೊಳೆಯುವುದು, ಎಲ್ಲ ನನ್ನ ಬಾಯಿಂದ.

ಎರಡು ಮೂರು ದಿನ ಕಳೆದ ಮೇಲೆ ಗೆಳತಿ ಕಾಫಿ ಬಿಟ್ಟಳು. ಬೆಳಿಗ್ಗೆ ಎಲ್ಲರಿಗೂ ಸೋಸಿ ಕೊಟ್ಟು ತಾನು ಬರಿ ಒಣ ಬ್ರೆಡ್ಡು ಕಚ್ಚುತ್ತಿದ್ದಳು. ಸಾರನ್ನು ಅನ್ನಕ್ಕೆ ಮುಟ್ಟಿಸಿದ ಹಾಗೆ ಮಾಡಿ ಬಿಡುತ್ತಿದ್ದಳು. ನೀರಿನ ಬಾಟಲಿ ತುಂಬಿದ್ದು ತುಂಬಿದಂತೆಯೇ ಇರುತ್ತಿತ್ತು.

"ಏನೇ ಇದು, ಧಾರವಾಡದವಳು ಚಾ ಇಲ್ಲ, ಕಾಫಿ ಇಲ್ಲ?" ಎಂದು ಕೇಳಿದೆ.

"ನವರಾತ್ರಿ ಅಲ್ರೀ ಅಕ್ಕಾರ. ಈ ವರ್ಷ ವ್ರತಾ ಹಿಡದೀನಿ. ಒಪ್ಪತ್ತು ಊಟ, ನೀರೂ ಕಡಿಮಿ."

ನನಗೆ ಬಹಳ ಸಂತೋಷವಾಯಿತು. ಪರದೇಶದಲ್ಲಿ, ಅದೂ ವ್ಯಾನಿನೊಳಗೆ, ವ್ರತ ಹಿಡಿಯುವುದೆಂದರೆ ಸುಲಭವೇ? ಎಲ್ಲರೆದುರು ಹೊಗಳಿದೆ. ಆಕೆಯ ಗಂಡ ಇನ್ನೊಂದು ಲೋಟ ಕಾಫಿ ಕೇಳಿದಾಗ, "ನಿಮ್ಮ ಹೆಂಡತೀನ ನೋಡಿ ಕಲೀರಿ. ನಾಲಿಗೆ ಅಂದ್ರೆ ಹಾಗೆ ಹಿಡಿತದಲ್ಲಿರಬೇಕು," ಎಂದೆ. ಆಕೆ ಕಿಟಕಿಯ ಕಡೆ ಮುಖ ತಿರುಗಿಸಿ ಕೂತಿದ್ದಳು. ನಾಚಿಕೆ ಸ್ವಭಾವದವಳು, ಹೊಗಳಿಕೆ ತಡೆಯಲಾರಳು ಎಂದುಕೊಂಡೆ.

ಆ ದಿನಗಳಲ್ಲಿ ನನಗೆ ಕಾಣಬೇಕಾಗಿದ್ದು ಬೇಕಾದಷ್ಟಿತ್ತು. ವ್ಯಾನು ನಿಂತ ತಕ್ಷಣ ಎಲ್ಲರಿಗಿಂತ ಮೊದಲು ಇಳಿಯುತ್ತಿದ್ದವಳು ಆಕೆ. ನಾನು ಡಬ್ಬಿ ತೆಗೆಯುವ ಮುಂಚೆಯೇ ನಾಣ್ಯಕ್ಕೆ ಕೈ ಚಾಚಿರುತ್ತಿದ್ದಳು. ಗುಡ್ಡದ ತಿರುವುಗಳಲ್ಲಿ ಕಣ್ಣು ಮುಚ್ಚಿ, ತುಟಿ ಬಿಗಿದು ಕೂತಿರುತ್ತಿದ್ದಳು. ಜಪ ಮಾಡುತ್ತಿದ್ದಾಳೆಂದು ನಾನು ರೇಡಿಯೋ ಸಣ್ಣ ಮಾಡಿಸುತ್ತಿದ್ದೆ.

ಇಟಲಿಗೆಂದು ಆಸ್ಟ್ರಿಯಾ ದಾಟುವಾಗ ಚಳಿ ಬಿದ್ದಿತ್ತು. ಸಂಜೆ ಒಂದು ಸರೋವರದ ಬದಿಯ ಕ್ಯಾಂಪಿಗೆ ಬಂದೆವು. ಗೇಟು ತೆರೆದಿತ್ತು, ಆಫೀಸಿನಲ್ಲಿ ಯಾರೂ ಇರಲಿಲ್ಲ. ಋತು ಮುಗಿದಿದೆ ಎಂಬ ಫಲಕ. ಬಾತ್‌ರೂಮಿನ ಕಟ್ಟಡಕ್ಕೆ ಬೀಗ. ಹೊರಗೆ ನೀರಿನ ನಲ್ಲಿ ಮತ್ತು ಡಬ್ಬ ಖಾಲಿ ಮಾಡುವ ಕಲ್ಲಿನ ತೊಟ್ಟಿ ಮಾತ್ರ ಬಿಟ್ಟಿದ್ದರು. ನಮ್ಮವರು ದಣಿದಿದ್ದರು. ಮುಂದಿನ ಊರಿಗೆ ಗುಡ್ಡದ ದಾರಿ. ಅಲ್ಲೇ ಉಳಿಯುವುದೆಂದು ತೀರ್ಮಾನಿಸಿದೆ. ಗಂಡಸರು ಮರಗಳ ಕಡೆ ಹೋಗಿ ಬಂದರು. ನಾನು ಕೂಡ ಟಾರ್ಚು ತೆಗೆದುಕೊಂಡು ಪೊದೆಯ ಹಿಂದೆ ಹೋಗಿ ಬಂದೆ. ಹಾಸ್ಟೆಲ್ಲಿನವಳಿಗೆ ಏನಂತೆ. ಸ್ವಲ್ಪ ದೂರದಲ್ಲಿ ಇನ್ನೊಂದು ವ್ಯಾನು ನಿಂತಿತ್ತು, ಅದರ ಮುಂದೆ ಇಬ್ಬರು ಯುವಕರು ಕುರ್ಚಿ ಹಾಕಿಕೊಂಡು ಕೂತಿದ್ದರು. ಗೆಳತಿ ಮರಗಳ ಕಡೆ ನೋಡಿದಳು, ಅವರ ಕಡೆ ನೋಡಿದಳು, ಒಳಗೆ ಬಂದಳು.

ನಾನು ಅಕ್ಕಿ ತೊಳೆಯುತ್ತಿದ್ದೆ. ಆಕೆ ಪಕ್ಕದಲ್ಲಿ ನಿಂತು ಮೆಲ್ಲಗೆ, "ಅಕ್ಕಾರ, ಇವತ್ತೊಂದ ದಿನ…" ಎಂದು ಬೀಗದ ಕಡೆ ಕಣ್ಣು ಹಾಯಿಸಿದಳು.

ನನಗೆ ಅರ್ಥವಾಯಿತು. ಅರ್ಥವಾಗಲಿಲ್ಲ ಎಂದು ಹೇಳಿಕೊಳ್ಳುವ ದಾರಿ ನನಗಿಲ್ಲ.

"ಒಂದು ದಿನ ಅಂತ ತೆಗೆದ್ರೆ ದಿನಾ ತೆಗೀಬೇಕಾಗುತ್ತೆ ಕಣೇ. ಸೂಟ್‌ಕೇಸೆಲ್ಲ ಹೊರಗೆ ಹಾಕಿ ಎಲ್ಲಿ ಮಲಗೋದು? ಬೆಳಿಗ್ಗೆ ಬೇಗ ಹೊರಡೋಣ, ಊರು ಹತ್ತಿರಾನೇ ಇದೆ. ವ್ರತ ಹಿಡಿದವಳು ನೀನು, ಇಷ್ಟು ತಡ್ಕೊಳ್ಳಕ್ಕೆ ಆಗಲ್ವಾ?"

"ಆತ್ರಿ," ಎಂದಳು.

ಬೆಳಿಗ್ಗೆ ಆಕೆಗೆ ಜ್ವರ. ಹಲ್ಲು ಕಟಕಟ ಎನ್ನುವ ನಡುಕ, ಸೊಂಟದಲ್ಲಿ ನೋವು. ಮೂರು ಹೊದಿಕೆ ಹೊದಿಸಿದರೂ ನಿಲ್ಲಲಿಲ್ಲ. ಚಳಿಗೆ ಹೀಗಾಗಿದೆ ಎಂದು ಮಾತ್ರೆ ಕೊಟ್ಟೆ. ಕುಡಿಯಲು ನೀರು ಕೊಟ್ಟಾಗ ಮಾತ್ರೆ ನುಂಗಲು ಬೇಕಾದಷ್ಟೇ ಕುಡಿದು ಲೋಟ ಕೆಳಗಿಟ್ಟಳು. ನಮ್ಮವರು ಗಾಡಿ ತಿರುಗಿಸಿ ಕೆಳಗಿನ ಊರಿನ ಚಿಕ್ಕ ಆಸ್ಪತ್ರೆಗೆ ಓಡಿಸಿದರು.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಇಂಗ್ಲಿಷು ಚೆನ್ನಾಗಿತ್ತು. ಗಂಡಸರನ್ನು ಹೊರಗೆ ಕೂರಿಸಿದರು. ನಾನು ಒಳಗಿದ್ದೆ, ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು ಎಂದು ಹೇಳಿಕೊಂಡು ಒಳಗೆ ಬಂದಿದ್ದೆ. ಪರೀಕ್ಷೆಗಳಾದವು. ಮೂತ್ರಪಿಂಡಕ್ಕೆ ಸೋಂಕು ಹತ್ತಿದೆ, ದೇಹದಲ್ಲಿ ನೀರೇ ಇಲ್ಲ ಎಂದರು. ಕೈಗೆ ಸೂಜಿ ಚುಚ್ಚಿ ಬಾಟಲಿ ತೂಗು ಹಾಕಿದರು.

"ನೀರು ಏಕೆ ಕುಡಿಯುತ್ತಿಲ್ಲ?" ಡಾಕ್ಟರು ಕೇಳಿದರು.

ನಾನೇ ಮುಂದಾದೆ. ಇದು ನಮ್ಮ ಹಬ್ಬದ ಕಾಲ, ಆಕೆ ಉಪವಾಸದಲ್ಲಿದ್ದಾಳೆ ಎಂದು ವಿವರಿಸಿದೆ. ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು.

ಹಾಸಿಗೆಯ ಮೇಲಿಂದ ಗೆಳತಿ ನನ್ನ ಕಡೆ ನೋಡದೆ ಕನ್ನಡದಲ್ಲಿ ಹೇಳಿದಳು. "ವ್ರತಾ ಗಿತಾ ಏನೂ ಇಲ್ರಿ ಅಕ್ಕಾರ."

ಆಮೇಲೆ ಇಂಗ್ಲಿಷಿನಲ್ಲಿ ಡಾಕ್ಟರಿಗೆ ಹೇಳಿದಳು. ತನಗೆ ಎರಡು ವರ್ಷದಿಂದ ಆಗಾಗ ಹೋಗಬೇಕಾಗುತ್ತದೆ, ತಡೆಯಲು ಆಗುವುದಿಲ್ಲ. ದಾರಿಯಲ್ಲಿ ಹೋಗಲು ಜಾಗವಿಲ್ಲ. ಅದಕ್ಕೆ ಕುಡಿಯುವುದನ್ನೇ ಬಿಟ್ಟೆ ಎಂದಳು.

"ಆದರೆ ನೀವು ಕ್ಯಾಂಪರ್ ವ್ಯಾನಿನಲ್ಲಿ ಇದ್ದೀರಲ್ಲವೇ? ಅದರೊಳಗೆ ಟಾಯ್ಲೆಟ್ ಇಲ್ಲವೇ?"

"ಇದೆ."

"ಕೆಟ್ಟಿದೆಯೇ?"

ಗೆಳತಿ ಹೊದಿಕೆಯನ್ನು ಮೇಲೆಳೆದುಕೊಂಡಳು. ಡಾಕ್ಟರು ನನ್ನ ಕಡೆ ತಿರುಗಿದರು.

"ಕೆಟ್ಟಿಲ್ಲ," ಎಂದೆ. "ಬೀಗ ಹಾಕಿದ್ದೇವೆ."

"ಏಕೆ?"

ನಾನು ಬಾಯಿ ತೆರೆದೆ. ಆ ಡಬ್ಬವನ್ನು ಯಾರಾದರೂ ಖಾಲಿ ಮಾಡಬೇಕಾಗುತ್ತದೆ ಎಂದೆ. ಹೌದು, ಮಾಡಬೇಕಾಗುತ್ತದೆ ಎಂದು ಡಾಕ್ಟರು ತಲೆಯಾಡಿಸಿ, ಮುಂದಿನ ಮಾತಿಗೆ ಕಾದರು. ಅವರು ಸಹಾಯ ಮಾಡುವವರಂತೆ, "ಅದು ತುಂಬಾ ಭಾರವೇ?" ಎಂದು ಕೇಳಿದರು. ವಯಸ್ಸಾದ ನಮಗೆ ಎತ್ತಲಾಗುವುದಿಲ್ಲವೇನೋ ಎಂದು ಪಾಪ ಅವರು ಯೋಚಿಸಿದ್ದರು. ನಾನು ಇಲ್ಲ ಎಂದೂ ಹೇಳಲಿಲ್ಲ, ಹೌದು ಎಂದೂ ಹೇಳಲಿಲ್ಲ. ಹಿಂದಿನ ಓಣಿಯ ವಿಷಯವನ್ನು ಆ ಹುಡುಗಿಗೆ ಯಾವ ಭಾಷೆಯಲ್ಲಿ ಹೇಳಬಹುದಿತ್ತು? ಕನ್ನಡದಲ್ಲೇ ಹೇಳಿರಲಿಲ್ಲ.

ಡಾಕ್ಟರು ಹೋದ ಮೇಲೆ ನಾನು ಹಾಸಿಗೆಯ ಪಕ್ಕ ಕೂತೆ. "ನನಗೆ ಒಂದು ಮಾತು ಬಿಡಿಸಿ ಹೇಳಬಾರದಿತ್ತೇನೇ? ಹೆಂಗಸಲ್ವಾ ನಾನು?"

"ಹೆದರಿಕಿರೀ."

"ನನಗಾ?"

"ಹೌದ್ರಿ ಮತ್ತ. ಮದಲಿಂದ್ಲೂ ಅದ." ಕಣ್ಣು ಮುಚ್ಚಿಕೊಂಡಳು. "ನೀವು ಭಾಳ ಛಲೋ ಮಂದಿ ಅಕ್ಕಾರ. ಆದ್ರ ಹೆದರಿಕಿ ಅದ."

ಹದಿನೈದು ವರ್ಷ ಆಕೆ ನನ್ನ ಅಡುಗೆಮನೆಯಲ್ಲಿ ಓಡಾಡಿದ್ದಳು. ಅದನ್ನು ನಾನು ಸಲಿಗೆ ಎಂದು ತಿಳಿದಿದ್ದೆ.

ಹೊರಗೆ ಬೆಂಚಿನ ಮೇಲೆ ಕೂತಿದ್ದ ಗಂಡಸರಿಗೆ ನಾನೇ ಹೇಳಿದೆ. ಗೆಳತಿಯ ಗಂಡ ಮೊದಲು ನಗಲು ನೋಡಿದರು, ಆಮೇಲೆ ನಿಂತರು. ಒಳಗೆ ಹೋಗಿ ಹೆಂಡತಿಯ ಕಾಲ ಬಳಿ ನಿಂತು, "ನಂಗರ ಹೇಳಬೇಕಿತ್ತಲ್ಲ ನೀ," ಎಂದರು.

"ನಿಮಗ ಹೇಳಿದ್ರ ಅಕ್ಕಾರನ್ನ ಕೇಳು ಅಂತಿದ್ರಿ," ಎಂದಳು ಆಕೆ. ನಿಜವಾಗಿತ್ತು.

ಆಕೆಯನ್ನು ಆಸ್ಪತ್ರೆಯಲ್ಲಿ ಉಳಿಸಿಕೊಂಡರು. ನಾವು ಊರಿನ ಹೊರಗೆ ತೆರೆದಿದ್ದ ಕ್ಯಾಂಪೊಂದನ್ನು ಹುಡುಕಿದೆವು. ನಾನು ಬೀಗ ತೆಗೆದೆ. ಸೂಟ್‌ಕೇಸುಗಳನ್ನು ಹೊರಗಿಟ್ಟು, ಬಾತ್‌ರೂಮನ್ನು ಒರೆಸಿ, ಮೊದಲು ನಾನೇ ಉಪಯೋಗಿಸಿದೆ. ಮರುದಿನ ಬೆಳಿಗ್ಗೆ ವ್ಯಾನಿನ ಹೊರಗಿನ ಚಿಕ್ಕ ಬಾಗಿಲು ತೆಗೆದು ಡಬ್ಬವನ್ನು ಎಳೆದೆ. "ನಾನು ಬರ್ತೀನಿ ಕಣೇ," ಎಂದರು ನಮ್ಮವರು. ಬೇಡ ಎಂದೆ. ಗೆಳತಿಯ ಗಂಡ, "ಅಕ್ಕಾರ, ಬ್ಯಾಡ್ರಿ, ನಾ ಒಯ್ತೀನಿ," ಎನ್ನುತ್ತಾ ಓಡಿಬಂದವರು ನಾಲ್ಕು ಮಾರು ದೂರದಲ್ಲೇ ನಿಂತುಬಿಟ್ಟರು. ಕಾಲು ಮುಂದೆ ಬರಲಿಲ್ಲ. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಎರಡು ದಿನದ ಹಿಂದೆ ನಾನೂ ಅಲ್ಲೇ ನಿಂತಿದ್ದೆ.

ಡಬ್ಬಕ್ಕೆ ಸೂಟ್‌ಕೇಸಿನ ಹಾಗೆ ಹಿಡಿಕೆ, ಚಕ್ರ. ತೊಟ್ಟಿಯವರೆಗೆ ಎಳೆದೊಯ್ದು, ಮುಚ್ಚಳ ತೆಗೆದು ಸುರಿದೆ. ವ್ಯಾನಿನವರು ಮೊದಲೇ ಹಾಕಿಟ್ಟಿದ್ದ ನೀಲಿ ಔಷಧದ ವಾಸನೆ ಬಿಟ್ಟರೆ ಬೇರೆ ವಾಸನೆ ಇಲ್ಲ. ನೀರು ಹಿಡಿದು ಕುಲುಕಿ ಮತ್ತೆ ಸುರಿದೆ. ನಮ್ಮ ವಿಭಾಗದ ಎಷ್ಟೋ ಕೆಲಸಗಳಿಗಿಂತ ಹಗುರ. ಕಾಫಿ ಸೋಸುವಷ್ಟು ಹೊತ್ತೂ ಹಿಡಿಯಲಿಲ್ಲ. ಕಷ್ಟದ ಕೆಲಸವಾಗಿದ್ದರೆ ನನಗೆ ಸ್ವಲ್ಪ ಸಮಾಧಾನವಾಗುತ್ತಿತ್ತು. ಇಷ್ಟು ಸಣ್ಣ ಕೆಲಸಕ್ಕೆ ಹೆದರಿ ಒಬ್ಬಳನ್ನು ಹಾಸಿಗೆಗೆ ಹಾಕಿದ್ದೆವು. ಮಾಡಿ ಮುಗಿಸಿದ ಮೇಲೂ ನನ್ನ ಮನಸ್ಸು ಅದನ್ನೊಂದು ದೊಡ್ಡ ತ್ಯಾಗ ಎಂದು ಎಣಿಸಲು ಹೊರಟಿತ್ತು. ಅದು ಇನ್ನೂ ನಾಚಿಕೆಗೇಡು.

ಆಕೆ ಹುಷಾರಾಗಿ ವ್ಯಾನಿಗೆ ಬಂದ ಮೇಲೆ ಇಟಲಿಯ ಯೋಚನೆ ಬಿಟ್ಟು ನಿಧಾನವಾಗಿ ಹಿಂದಕ್ಕೆ ಹೊರಟೆವು. ನಾನು ಗಂಟೆಗೊಮ್ಮೆ ನೀರು ಕುಡಿ ಎಂದು ಹೇಳತೊಡಗಿದೆ. ಎರಡು ದಿನ ಹಾಗೆ ನಡೆದ ಮೇಲೆ ನಮ್ಮವರು ಪಾರ್ಕಿಂಗಿನಲ್ಲಿ ನನ್ನನ್ನು ಪಕ್ಕಕ್ಕೆ ಕರೆದು, "ಅದನ್ನೂ ಬಿಡೇ. ಬಾಯಾರಿದ್ರೆ ಅವಳೇ ಕುಡೀತಾಳೆ," ಎಂದರು. ನಾನು ಬಾಯಿ ಮುಚ್ಚಿಕೊಂಡೆ. ಬಾಯಿ ಮುಚ್ಚಿಕೊಂಡು ಕೂರುವುದು ನನಗೆ ಬರುವುದಿಲ್ಲ. ಮಡಿಲಲ್ಲಿ ಭೂಪಟವನ್ನು ಮಡಚುವುದು, ಬಿಡಿಸುವುದು, ಅಷ್ಟೇ ಮಾಡಿದೆ.

ದೀಪಾವಳಿಗೆ ಸರಟೋಗಾದ ಮನೆಯಲ್ಲಿ ಊಟ. ಹದಿನೈದಿಪ್ಪತ್ತು ಜನ, ಎಲ್ಲರೂ ಕನ್ನಡದವರೇ. ಹೋಳಿಗೆ ತಟ್ಟುತ್ತಿದ್ದ ಹೆಂಗಸರು ಯೂರೋಪಿನ ಸುದ್ದಿ ಕೇಳಿದರು. ಆಸ್ಪತ್ರೆಗೆ ಸೇರಿದ್ದು ಹೇಗೋ ಎಲ್ಲರಿಗೂ ಗೊತ್ತಾಗಿತ್ತು.

"ನಂದ ತಪ್ಪರೀ," ಎಂದಳು ಗೆಳತಿ, ಹಿಟ್ಟಿನ ಉಂಡೆ ಒತ್ತುತ್ತಾ. "ಹುಚ್ಚಿ ಹಂಗ ವ್ರತಾ ಹಿಡದೆ. ನೀರು ಕುಡೀಲಿಲ್ಲ."

ನನ್ನ ಕಡೆ ನೋಡಲಿಲ್ಲ. ನನ್ನನ್ನು ಉಳಿಸುತ್ತಿದ್ದಳು. ಅಲ್ಲಿಗೆ ಬಿಟ್ಟಿದ್ದರೆ ಮುಗಿಯುತ್ತಿತ್ತು, ಆದರೆ ನನ್ನಿಂದಾಗಲಿಲ್ಲ.

"ವ್ರತ ಅಲ್ಲ," ಎಂದೆ. "ವ್ಯಾನಿನ ಬಾತ್‌ರೂಮಿಗೆ ನಾನು ಬೀಗ ಹಾಕಿದ್ದೆ. ಕೇಳಿದರೂ ತೆಗೆಯಲಿಲ್ಲ."

ಒಂದು ಗಳಿಗೆ ಎಲ್ಲರೂ ನನ್ನನ್ನು ನೋಡಿದರು. ಆಮೇಲೆ ನಗು ಸ್ಫೋಟಿಸಿತು. "ಅಯ್ಯೋ, ನೀವು ಮಾಡ್ತೀರಿ ಬಿಡಿ!" ಎಂದಳು ಮಂಡ್ಯದ ಹೆಣ್ಣುಮಗಳೊಬ್ಬಳು. "ಸದ್ಯ, ಅಡುಗೆಮನೆಗೆ ಹಾಕ್ಲಿಲ್ವಲ್ಲ!" ಎಂದು ಇನ್ನೊಬ್ಬಳು. "ಇವರ ಮನೆಗೆ ಹೋಗೋ ಮುಂಚೆ ಎಲ್ಲಾ ಮುಗಿಸ್ಕೊಂಡು ಹೋಗ್ಬೇಕು ಕಣ್ರೇ!" ನಾನು ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡರು ಎಂದು ಮೊದಲು ಅನ್ನಿಸಿತು. ಇಲ್ಲ, ನಂಬಿದ್ದರು. ಒಬ್ಬರಿಗೂ ಆಶ್ಚರ್ಯವಾಗಿರಲಿಲ್ಲ. ನಾನು ಅಂಥವಳೆಂದು ಇಡೀ ಬಳಗಕ್ಕೆ ಯಾವಾಗಲೋ ಗೊತ್ತಿತ್ತು. ತಡವಾಗಿ ತಿಳಿದವಳು ನಾನೊಬ್ಬಳೇ.

ಗೆಳತಿ ನಗಲಿಲ್ಲ. "ಹೋಳಿಗಿ ಹೊತ್ತತದ ನೋಡ್ರಿ," ಎಂದು ಎದ್ದು ಹೋದಳು.

ಆ ಚಳಿಗಾಲದಲ್ಲಿ ಆಕೆ ನಮ್ಮ ಮನೆಗೆ ಬರುವುದನ್ನು ನಿಲ್ಲಿಸಲಿಲ್ಲ. ಬರುತ್ತಿದ್ದಳು, ಕೂರುತ್ತಿದ್ದಳು, ತನ್ನ ಮಗಳ ಕಾಲೇಜಿನ ಸುದ್ದಿ ಹೇಳುತ್ತಿದ್ದಳು. ಆದರೆ ಸ್ವಲ್ಪ ಹೊತ್ತಿಗೆಲ್ಲ, ಕಾಫಿಯನ್ನು ಅರ್ಧಕ್ಕೇ ಬಿಟ್ಟು, ಫ್ರೀವೇ ತುಂಬಿಬಿಡುತ್ತದೆ ಎಂದು ಎದ್ದುಬಿಡುತ್ತಿದ್ದಳು. ಮೊದಲು ಮಧ್ಯಾಹ್ನ ಬಂದರೆ ಸಂಜೆಯವರೆಗೆ ಇರುತ್ತಿದ್ದವಳು. ಏಕೆ ಏಳುತ್ತಾಳೆಂದು ನನಗೆ ತಿಳಿಯಿತು. ಬಾ, ಇನ್ನಷ್ಟು ಹೊತ್ತು ಕೂರು ಎಂದು ಒತ್ತಾಯಿಸುವ ಧೈರ್ಯ ಆಗಲಿಲ್ಲ. ನನ್ನ ಒತ್ತಾಯ ಆಕೆಗೆ ಅಪ್ಪಣೆಯಂತೆ ಕೇಳಿಸಿದರೆ ಎಂದು ಹೆದರಿಕೆ. ಬಾಗಿಲವರೆಗೆ ಹೋಗಿ ಕಾರು ತಿರುಗುವುದನ್ನು ನೋಡಿ ಒಳಗೆ ಬರುತ್ತಿದ್ದೆ.

ಸಂಕ್ರಾಂತಿಯ ದಿನ ಎಳ್ಳು ಬೀರಲು ಬಂದಳು. ಹೊರಗೆ ಮಳೆ ಹಿಡಿದಿತ್ತು, ರಸ್ತೆಯಲ್ಲಿ ಎಲ್ಲೋ ಅಪಘಾತವಾಗಿ ಕಾರುಗಳು ನಿಂತಿವೆ ಎಂದು ರೇಡಿಯೋದಲ್ಲಿ ಹೇಳುತ್ತಿದ್ದರು. ಹೊರಡುವಂತಿರಲಿಲ್ಲ. ಕಾಫಿ ಕೊಟ್ಟೆ. ಕುಡಿದಳು. ಇನ್ನೊಂದು ಲೋಟ ಕೊಡಲೇ ಎಂದರೆ ಬೇಡ ಎನ್ನಲಿಲ್ಲ. ನನಗೆ ಒಳಗೊಳಗೇ ಸಂತೋಷ. ಹಳೆಯ ಮಾತುಗಳು ಬಂದವು. ಅಪಾರ್ಟ್‌ಮೆಂಟಿನ ಲಾಂಡ್ರಿಯಲ್ಲಿ ಯಾರದೋ ಸೀರೆ ಬಣ್ಣ ಬಿಟ್ಟು ಎಲ್ಲರ ಬನಿಯನ್‌ಗಳು ಗುಲಾಬಿಯಾಗಿದ್ದು ನೆನಪಾಗಿ ಇಬ್ಬರೂ ನಕ್ಕೆವು.

ನಗುತ್ತಲೇ ಆಕೆ ಮಾತು ನಿಲ್ಲಿಸಿದಳು. ಸೋಫಾದ ಅಂಚಿಗೆ ಸರಿದು, ಸೆರಗು ಸರಿಮಾಡಿಕೊಂಡು, ನನ್ನ ಮುಖ ನೋಡಿದಳು.

"ಅಕ್ಕಾರ, ಬಾತ್‌ರೂಮಿಗೆ ಹೋಗಿ ಬರ್ಲೇನ್ರಿ?"

ಐವತ್ತು ಮುಟ್ಟುತ್ತಿದ್ದ ಹೆಂಗಸು. ಹದಿನೈದು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ, ಯಾರೂ ಯಾರ ಮನೆಯಲ್ಲೂ ಹಾಗೆ ಕೇಳುವುದಿಲ್ಲ. ಕೇಳಬೇಡ ಕಣೇ, ನನ್ನನ್ನು ಹಾಗೆ ಕೇಳಬೇಡ ಎಂದು ಹೇಳಬೇಕಾಗಿತ್ತು.

"ಹೋಗಿ ಬಾ," ಎಂದೆ.

ಆಕೆ ಎದ್ದು ಹೋದಳು.